ಗಾಜು, ನೀರು, ಎಣ್ಣೆ, ಜೇನು: ಬೆಳಕಿನ ದಾರಿಯನ್ನು ಮನೆಯಲ್ಲೇ ನೋಡಿ ಅಳೆಯುವ ಬಗೆ

ಶಿರಸಿ, ಸಿದ್ದಾಪುರ ಕಡೆಯ ಹಂಚಿನ ಮನೆಗಳ ಮಾಡಿನಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹಂಚು ಇರುತ್ತದೆ. ಅದರಿಂದ ಅಡುಗೆಮನೆಗೆ ಇಳಿಯುವ ಬಿಸಿಲು ಯಾವ ಅಡೆತಡೆಯೂ ಇಲ್ಲದೆ ಒಳಗೆ ಬಂದಂತೆ ಕಾಣುತ್ತದೆ. ಆದರೆ ಆ ಬಿಸಿಲಿನ ಒಂದು ಪಾಲು ಹಂಚಿನ ಮೇಲ್ಮೈಯಿಂದಲೇ ಆಕಾಶಕ್ಕೆ ಮರಳಿರುತ್ತದೆ. ಒಳಹೊಕ್ಕ ಪಾಲು ಗಾಜಿನಲ್ಲಿ ವೇಗ ತಗ್ಗಿಸಿಕೊಂಡು ದಿಕ್ಕು ಬದಲಿಸಿರುತ್ತದೆ. ಹೊರಬೀಳುವಾಗ ಮತ್ತೊಮ್ಮೆ ದಿಕ್ಕು ಬದಲಿಸಿರುತ್ತದೆ. ಈ ಎಲ್ಲ ಬದಲಾವಣೆಗಳು ನಡೆಯುವುದು ಗಾಳಿ ಮತ್ತು ಗಾಜು ಒಂದನ್ನೊಂದು ಮುಟ್ಟುವ ಗಡಿಯಲ್ಲಿ. ಒಂದೇ ತೆರನಾದ ವಸ್ತುವಿನ ಒಳಗೆ ಬೆಳಕು ನೇರವಾಗಿ ಸಾಗುತ್ತದೆ. ಆದ್ದರಿಂದ ಮುಂದೆ ವಿವರಿಸುವ ಪ್ರತಿಯೊಂದು ಪ್ರಯೋಗದಲ್ಲಿಯೂ ಓದುಗರು ತಮ್ಮ ಕಣ್ಣನ್ನು ಗಡಿಯ ಮೇಲೆ ಇಡಬೇಕೆಂದು ಕೋರುತ್ತೇನೆ. ಗಡಿ ಎಲ್ಲಿದೆ, ಅದರ ಎರಡು ಬದಿಯ ವಸ್ತುಗಳ ನಡುವೆ ವ್ಯತ್ಯಾಸ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳುತ್ತ ಹೋದರೆ ಕಿಟಕಿಯ ಗಾಜಿನಿಂದ ಹಿಡಿದು ಉಪ್ಪಿನ ರಾಶಿಯವರೆಗೆ ಎಲ್ಲದಕ್ಕೂ ಉತ್ತರ ಸಿಗುತ್ತದೆ.

ಸಿದ್ಧತೆ

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ನೇರ ಗೋಡೆಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಅಥವಾ ಗಾಜಿನ ಚೌಕ ಡಬ್ಬಿ, ಗ್ರಾಫ್ ಕಾಗದ, ಅಳತೆಪಟ್ಟಿ, ಕೈವಾರ, ಒಂದು ಲೇಸರ್ ಪಾಯಿಂಟರ್, ಎರಡು ಹನಿ ಹಾಲು, ಒಂದು ಊದುಬತ್ತಿ, ತೆಂಗಿನೆಣ್ಣೆ, ಹರಳುಪ್ಪು ಇಷ್ಟಿದ್ದರೆ ಸಾಕು. ಲೇಸರಿನ ಮೇಲೆ 1 ಮಿಲಿವಾಟ್‌ಗಿಂತ ಕಡಿಮೆ ಎಂದು ನಮೂದಿಸಿರಬೇಕು. ಅದನ್ನು ಯಾರ ಕಣ್ಣಿಗೂ ಹಿಡಿಯಬಾರದು, ಮಕ್ಕಳ ಕೈಗೆ ಒಂಟಿಯಾಗಿ ಕೊಡಬಾರದು. ಗಾಜಿನಿಂದ ಮರಳುವ ಕಿರಣವೂ ಕಣ್ಣಿಗೆ ಹೋಗಬಹುದಾದ್ದರಿಂದ ಕಿರಣವನ್ನು ಯಾವಾಗಲೂ ಮೇಜಿನ ಮಟ್ಟದಲ್ಲಿ, ನೋಡುವವರ ಮುಖಕ್ಕಿಂತ ಬಹಳ ಕೆಳಗೆ ಇಟ್ಟುಕೊಳ್ಳಬೇಕು. ಲೇಸರ್ ಇಲ್ಲದವರು ಬೇಸರಪಡಬೇಕಾಗಿಲ್ಲ. ಕತ್ತಲೆ ಕೋಣೆಗೆ ಹಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲಿನಿಂದಲೇ ಈ ಕೆಲಸದ ಮುಕ್ಕಾಲು ಪಾಲು ನಡೆಯುತ್ತದೆ.

ಗಾಳಿಯಲ್ಲಿ ಸಾಗುವ ಕಿರಣ ಪಕ್ಕದಿಂದ ಕಾಣುವುದಿಲ್ಲ. ಊದುಬತ್ತಿಯ ಹೊಗೆ ಹಿಡಿದಾಗ ಹೊಗೆಯ ಕಣಗಳಿಗೆ ತಾಗಿ ಚದುರಿದ ಬೆಳಕು ನಮ್ಮ ಕಡೆಗೂ ಬರುವುದರಿಂದ ದಾರಿ ಗೋಚರಿಸುತ್ತದೆ. ನೀರಿನಲ್ಲಿ ಇದೇ ಕೆಲಸವನ್ನು ಹಾಲಿನ ಹನಿ ಮಾಡುತ್ತದೆ. ಒಂದು ಲೀಟರ್ ನೀರಿಗೆ ಎರಡು ಹನಿಗಿಂತ ಹೆಚ್ಚು ಹಾಕಿದರೆ ಕಿರಣ ಅಗಲವಾಗಿ ಮಸುಕಾಗುತ್ತದೆ, ಅಳತೆ ಕೆಡುತ್ತದೆ.

ಮೊದಲು ಮರಳುವ ಬೆಳಕನ್ನು ನೋಡಿ

ರಾತ್ರಿ ಕೋಣೆಯ ದೀಪ ಆರಿಸಿ, ಹಚ್ಚಿದ ಮೇಣದಬತ್ತಿಯನ್ನು ಕಿಟಕಿಯ ಗಾಜಿಗೆ ಒಂದು ಗೇಣು ದೂರದಲ್ಲಿ ಹಿಡಿದು, ಗಾಜನ್ನು ಓರೆಯಾಗಿ ನೋಡಬೇಕು. ಗಾಜಿನಲ್ಲಿ ಒಂದರ ಪಕ್ಕ ಒಂದರಂತೆ ಎರಡು ಜ್ವಾಲೆಗಳು ಕಾಣುತ್ತವೆ. ಒಂದು ಗಾಜಿನ ಈಚೆ ಮುಖದಿಂದ ಮರಳಿದ್ದು, ಇನ್ನೊಂದು ಗಾಜನ್ನು ದಾಟಿ ಆಚೆ ಮುಖದಿಂದ ಮರಳಿದ್ದು. ಗಾಜು ದಪ್ಪವಾದಷ್ಟೂ ಎರಡರ ನಡುವಿನ ಅಂತರ ಹೆಚ್ಚುತ್ತದೆ. ಬೆಳಕು ನೇರವಾಗಿ ಬಿದ್ದಾಗ ಸಾಮಾನ್ಯ ಗಾಜಿನ ಪ್ರತಿಯೊಂದು ಮುಖದಿಂದ ಸುಮಾರು 4 ಶೇಕಡಾ ಬೆಳಕು ಮರಳುತ್ತದೆ. ನೀರಿನ ಮೇಲ್ಮೈಯಿಂದ ಮರಳುವುದು ಸುಮಾರು 2 ಶೇಕಡಾ ಮಾತ್ರ. ವಜ್ರದಿಂದ ಸುಮಾರು 17 ಶೇಕಡಾ. ಹಗಲಿನಲ್ಲಿಯೂ ಕಿಟಕಿಯ ಗಾಜು ಇಷ್ಟೇ ಬೆಳಕನ್ನು ಮರಳಿಸುತ್ತಿರುತ್ತದೆ, ಹೊರಗಿನ ಪ್ರಖರ ಬೆಳಕಿನ ಎದುರು ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಈಗ ದೃಷ್ಟಿಯನ್ನು ಇನ್ನಷ್ಟು ಓರೆಯಾಗಿಸಿ, ಗಾಜಿನ ಮೈಗೆ ಸವರುವಂತೆ ನೋಡಿದರೆ ಜ್ವಾಲೆ ಕನ್ನಡಿಯಲ್ಲಿ ಕಂಡಷ್ಟು ಪ್ರಕಾಶಮಾನವಾಗುತ್ತದೆ. ಓರೆ ಹೆಚ್ಚಿದಂತೆ ಮರಳುವ ಪಾಲು ಹೆಚ್ಚುತ್ತದೆ ಎಂಬ ಈ ಒಂದು ಸಂಗತಿಯಿಂದಲೇ ಸಂಜೆಯ ಹೊತ್ತಿನಲ್ಲಿ ಕಾರವಾರದ ಸಮುದ್ರ ದೂರದಲ್ಲಿ ಅಷ್ಟು ಥಳಥಳಿಸುತ್ತದೆ, ಕಾಲ ಬಳಿಯ ನೀರಿನಲ್ಲಿ ಮಾತ್ರ ಮರಳು ಕಾಣುತ್ತದೆ.

ಬಾಗುವಿಕೆಯನ್ನು ಅಳೆಯುವ ಕ್ರಮ

ಬೆಳಕಿನ ವೇಗ ನಿರ್ವಾತದಲ್ಲಿ ಸೆಕೆಂಡಿಗೆ 2,99,792 ಕಿಲೋಮೀಟರ್. ಪಾರದರ್ಶಕ ವಸ್ತುವಿನೊಳಗೆ ಹೊಕ್ಕ ಬೆಳಕು ಅಲ್ಲಿಯ ಪರಮಾಣುಗಳ ಎಲೆಕ್ಟ್ರಾನುಗಳನ್ನು ತನ್ನ ಲಯಕ್ಕೆ ಕಂಪಿಸುವಂತೆ ಮಾಡುತ್ತದೆ. ಆ ಎಲೆಕ್ಟ್ರಾನುಗಳು ಹೊರಡಿಸುವ ಅಲೆ ಮೂಲ ಅಲೆಯೊಡನೆ ಕೂಡಿ, ಒಟ್ಟು ಅಲೆ ತುಸು ಹಿಂದೆ ಬೀಳುತ್ತದೆ. ಹೀಗೆ ನೀರಿನಲ್ಲಿ ವೇಗ ಸುಮಾರು 2,25,000 ಕಿಲೋಮೀಟರಿಗೂ ಗಾಜಿನಲ್ಲಿ ಸುಮಾರು 2,00,000 ಕಿಲೋಮೀಟರಿಗೂ ಇಳಿಯುತ್ತದೆ. ನಿರ್ವಾತದ ವೇಗವನ್ನು ವಸ್ತುವಿನೊಳಗಿನ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ವಕ್ರೀಭವನಾಂಕ. ನೀರಿಗೆ ಅದು 1.33, ತೆಂಗಿನೆಣ್ಣೆಗೆ ಸುಮಾರು 1.45, ಕಿಟಕಿ ಗಾಜಿಗೆ ಸುಮಾರು 1.52, ವಜ್ರಕ್ಕೆ 2.42. ಅಲೆ ಓರೆಯಾಗಿ ಬಂದಾಗ ಅದರ ಒಂದು ಅಂಚು ಮೊದಲು ಗಡಿಯನ್ನು ದಾಟಿ ನಿಧಾನವಾಗುತ್ತದೆ, ಇನ್ನೊಂದು ಅಂಚು ಹಳೆಯ ವೇಗದಲ್ಲಿಯೇ ಇರುತ್ತದೆ. ಆದ್ದರಿಂದ ಅಲೆಯೇ ತಿರುಗುತ್ತದೆ. ಇದು ವಕ್ರೀಭವನ.

ಇದನ್ನು ಅಳೆಯಲು ಗ್ರಾಫ್ ಕಾಗದವನ್ನು ಮೇಜಿನ ಮೇಲೆ ಹಾಸಿ, ಅದರ ಒಂದು ದಪ್ಪ ಗೆರೆಗೆ ಡಬ್ಬಿಯ ಗೋಡೆ ಸರಿಯಾಗಿ ಕೂಡುವಂತೆ ಡಬ್ಬಿಯನ್ನಿಡಿ. ಗೋಡೆಯ ನಡುವೆ ಕಾಗದದ ಮೇಲೆ ಒಂದು ಚುಕ್ಕೆ ಗುರುತಿಸಿ, ಆ ಚುಕ್ಕೆಯ ಮೂಲಕ ಗೋಡೆಗೆ ಲಂಬವಾಗಿ ಗೆರೆ ಎಳೆಯಿರಿ. ಹಾಲಿನ ಹನಿ ಬೆರೆತ ನೀರನ್ನು ಡಬ್ಬಿಗೆ ತುಂಬಿ, ಲೇಸರ್ ಕಿರಣ ಕಾಗದಕ್ಕೆ ಸಮಾನಾಂತರವಾಗಿ, ತಳಕ್ಕೆ ಆದಷ್ಟು ಹತ್ತಿರದಲ್ಲಿ ಸಾಗಿ, ಚುಕ್ಕೆಯ ಬಳಿ ಓರೆಯಾಗಿ ಒಳಹೊಗುವಂತೆ ಹಿಡಿಯಿರಿ. ಹೊರಗಿನ ಕಿರಣದ ಮೇಲೆ ಎರಡು, ಒಳಗಿನ ಕಿರಣ ಡಬ್ಬಿಯ ಆಚೆ ಗೋಡೆಗೆ ಮುಟ್ಟುವಲ್ಲಿ ಒಂದು ಗುರುತು ಮಾಡಿ. ಗುರುತು ಮಾಡುವಾಗ ಕಣ್ಣು ಕಿರಣದ ನೇರ ಮೇಲೆಯೇ ಇರಬೇಕು. ಓರೆಯಿಂದ ನೋಡಿದರೆ ನೀರಿನ ಮೇಲ್ಮೈಯೇ ಇನ್ನೊಂದು ಗಡಿಯಾಗಿ ಕಿರಣವನ್ನು ಸರಿಸಿ ತೋರಿಸುತ್ತದೆ, ನಾವು ಅಳೆಯಹೊರಟ ಪರಿಣಾಮವೇ ನಮ್ಮ ಅಳತೆಯನ್ನು ಕೆಡಿಸುತ್ತದೆ. ಡಬ್ಬಿಯ ಗೋಡೆಯ ಬಗ್ಗೆ ಚಿಂತಿಸಬೇಕಾಗಿಲ್ಲ. ಎರಡು ಮುಖಗಳು ಸಮಾನಾಂತರವಾಗಿರುವ ತೆಳುವಾದ ಗೋಡೆ ಕಿರಣವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಅಂತಿಮ ಕೋನವನ್ನು ಬದಲಿಸುವುದಿಲ್ಲ.

ಡಬ್ಬಿಯನ್ನು ಎತ್ತಿಟ್ಟು, ಗುರುತುಗಳನ್ನು ಚುಕ್ಕೆಗೆ ಸೇರಿಸಿ ಗೆರೆ ಎಳೆಯಿರಿ. ಕೈವಾರದಿಂದ ಚುಕ್ಕೆಯನ್ನು ಕೇಂದ್ರವಾಗಿಸಿ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಎರಡು ಗೆರೆಗಳು ವೃತ್ತವನ್ನು ಕಡಿಯುವ ಬಿಂದುಗಳಿಂದ ಲಂಬಗೆರೆಗೆ ಇರುವ ದೂರಗಳನ್ನು ಅಳೆಯಿರಿ. ಹೊರಗಿನ ಕಿರಣ 45 ಡಿಗ್ರಿಯಲ್ಲಿ ಬಂದಿದ್ದರೆ ಹೊರಗಿನ ದೂರ 7.1 ಸೆಂಟಿಮೀಟರ್, ಒಳಗಿನದು 5.3 ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1.33 ಸಿಗುತ್ತದೆ, ಕೋನಮಾಪಕವೂ ಬೇಡ, ಸೈನ್ ಕೋಷ್ಟಕವೂ ಬೇಡ. ಓರೆಯನ್ನು ಬದಲಿಸಿ ಮತ್ತೆ ಅಳೆದಾಗ ಎರಡು ದೂರಗಳೂ ಬದಲಾಗುತ್ತವೆ, ಅವುಗಳ ಅನುಪಾತ ಬದಲಾಗುವುದಿಲ್ಲ. ಡಚ್ ಗಣಿತಜ್ಞ ಸ್ನೆಲ್ 1621ರಲ್ಲಿ ಕಂಡುಕೊಂಡದ್ದು ಈ ಸ್ಥಿರತೆಯನ್ನೇ. ಅವನಿಗಿಂತ ಆರು ಶತಮಾನಗಳ ಹಿಂದೆ, 984ರ ಸುಮಾರಿಗೆ, ಬಾಗ್ದಾದಿನ ಇಬ್ನ್ ಸಹಲ್ ಇದೇ ನಿಯಮವನ್ನು ಬಳಸಿ ಮಸೂರಗಳ ಆಕಾರವನ್ನು ಲೆಕ್ಕ ಹಾಕಿದ್ದನು. ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ ಸುಮಾರು 2 ಶೇಕಡಾ ಆಚೀಚೆ ಆಗುತ್ತದೆ, ಆದ್ದರಿಂದ 1.31ರಿಂದ 1.36ರವರೆಗೆ ಏನು ಬಂದರೂ ಕೈಕೆಲಸ ಚೆನ್ನಾಗಿದೆ ಎಂದೇ ತಿಳಿಯಬೇಕು. ನೀರಿನ ಬದಲು ತೆಂಗಿನೆಣ್ಣೆ ತುಂಬಿದಾಗ ಒಳಗಿನ ದೂರ 4.9 ಸೆಂಟಿಮೀಟರಿಗೆ ಇಳಿಯುವುದನ್ನು ತಪ್ಪದೆ ನೋಡಬೇಕು.

ನೀರು ತೋರಿಸುವ ಆಳ

ಪಾತ್ರೆಯ ತಳದಲ್ಲಿ ನಾಣ್ಯವಿಟ್ಟು, ಅಂಚಿನಿಂದ ನಾಣ್ಯ ಮರೆಯಾಗುವಷ್ಟು ಹಿಂದೆ ಸರಿದು, ಇನ್ನೊಬ್ಬರಿಂದ ನೀರು ಹೊಯ್ಯಿಸಿದರೆ ನಾಣ್ಯ ಎದ್ದು ಬಂದಂತೆ ಕಾಣುವ ಪ್ರಯೋಗ ಎಲ್ಲರಿಗೂ ಗೊತ್ತಿರುವಂಥದ್ದು. ಅದರ ಹಿಂದಿನ ಲೆಕ್ಕ ಮಾತ್ರ ಜೀವಕ್ಕೆ ಸಂಬಂಧಿಸಿದ್ದು. ನೇರ ಮೇಲಿನಿಂದ ನೋಡಿದಾಗ ನೀರಿನ ಆಳ ನಿಜವಾದ ಆಳದ ಮುಕ್ಕಾಲು ಪಾಲಷ್ಟೇ ಕಾಣುತ್ತದೆ, ದಡದಿಂದ ಓರೆಯಾಗಿ ನೋಡಿದಾಗ ಅದಕ್ಕಿಂತಲೂ ಕಡಿಮೆ. ಘಟ್ಟದ ಹೊಳೆಗಳಲ್ಲಿ ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ತಳದ ಕಲ್ಲುಗಳು ಸ್ಪಷ್ಟವಾಗಿ ಕಾಣುವ ಗುಂಡಿ, ಎದೆಮಟ್ಟದ ನೀರೆಂದು ತೋರಿದರೂ ತಲೆ ಮುಳುಗುವಷ್ಟಿರಬಹುದು. ಈಜು ಬಾರದ ಮಕ್ಕಳೊಡನೆ ಹೋಗುವವರು ಕಣ್ಣನ್ನು ನಂಬದೆ ಕೋಲು ಇಳಿಸಿ ನೋಡಿಯೇ ತೀರಬೇಕು.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗು ಹಾಕಲು ಹೋದವರಿಗೆ ಇದೇ ನಿಯಮದ ಇನ್ನೊಂದು ಮುಖ ಪರಿಚಯವಾಗಿರುತ್ತದೆ. ನಮ್ಮ ಕಣ್ಣು ಬೆಳಕನ್ನು ಬಾಗಿಸುವ ಕೆಲಸದ ಬಹುಪಾಲನ್ನು ಗಾಳಿ ಮತ್ತು ಕಣ್ಣಿನ ಮುಂಪರದೆಯ ಗಡಿಯಲ್ಲಿ ಮಾಡಿಕೊಳ್ಳುತ್ತದೆ. ಆ ಪರದೆಯ ವಕ್ರೀಭವನಾಂಕ ಸುಮಾರು 1.38, ನೀರಿನದು 1.33, ನೀರಿನೊಳಗೆ ಬರಿಗಣ್ಣು ತೆರೆದಾಗ ಗಡಿಯ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿ ಎಲ್ಲವೂ ಕಲಸಿದಂತೆ ಕಾಣುತ್ತದೆ. ಮುಖವಾಡ ಹಾಕಿಕೊಂಡಾಗ ಕಣ್ಣಿನ ಮುಂದೆ ಮತ್ತೆ ಗಾಳಿ ಬರುತ್ತದೆ, ನೋಟ ಸ್ಪಷ್ಟವಾಗುತ್ತದೆ. ಆದರೆ ಈಗ ನೀರು ಮತ್ತು ಗಾಳಿಯ ನಡುವೆ ಗಾಜಿನ ಚಪ್ಪಟೆ ಗಡಿಯಿರುವುದರಿಂದ ಮೀನು ಇರುವುದಕ್ಕಿಂತ ಹತ್ತಿರ, ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ.

ಗಡಿ ಎಲ್ಲೆಡೆ ಚಾಕುವಿನ ಅಲಗಿನಷ್ಟು ಹರಿತವಾಗಿಯೇ ಇರಬೇಕೆಂದಿಲ್ಲ. ವಾಯುಮಂಡಲದಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ ಮೆಲ್ಲಮೆಲ್ಲಗೆ ದಟ್ಟವಾಗುವುದರಿಂದ ಬೆಳಕೂ ಮೆಲ್ಲನೆ ಬಾಗುತ್ತದೆ. ದಿಗಂತದ ಬಳಿ ಈ ಬಾಗು ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ನಿಂತವರಿಗೆ ಸೂರ್ಯನ ಕೆಳಅಂಚು ಸಮುದ್ರವನ್ನು ಮುಟ್ಟಿದಂತೆ ಕಂಡಾಗ, ಇಡೀ ಬಿಂಬ ದಿಗಂತದ ನೇರಗೆರೆಯಿಂದ ಕೆಳಗೆ ಹೋಗಿ ಆಗಿರುತ್ತದೆ.

ಬಣ್ಣಗಳು ಬೇರೆಯಾಗುವುದು

ಬಿಸಿಲುಕೋಲು ಬೀಳುವಲ್ಲಿ ತಟ್ಟೆಯಲ್ಲಿ ನೀರು ಹಾಕಿ, ಅದರೊಳಗೆ ಪುಟ್ಟ ಕನ್ನಡಿಯನ್ನು ಓರೆಯಾಗಿ ಆನಿಸಿ, ಮರಳಿದ ಬೆಳಕು ಬಿಳಿಗೋಡೆಯ ಮೇಲೆ ಬೀಳುವಂತೆ ಹೊಂದಿಸಿದರೆ ಏಳು ಬಣ್ಣಗಳ ಪಟ್ಟಿ ಮೂಡುತ್ತದೆ. ವಕ್ರೀಭವನಾಂಕ ಎಲ್ಲ ಬಣ್ಣಗಳಿಗೂ ಒಂದೇ ಅಲ್ಲ. ನೇರಳೆಗೆ ತುಸು ಹೆಚ್ಚು, ಕೆಂಪಿಗೆ ತುಸು ಕಡಿಮೆ. ಮಳೆಹನಿಯಲ್ಲಿ ಇದೇ ವ್ಯತ್ಯಾಸ ಕಾಮನಬಿಲ್ಲಾಗುತ್ತದೆ. ಅದನ್ನು ಕಾಣಬೇಕಾದರೆ ಸೂರ್ಯನಿಗೆ ಬೆನ್ನು ಹಾಕಿ, ತಮ್ಮ ತಲೆಯ ನೆರಳಿನ ದಿಕ್ಕಿನಿಂದ 42 ಡಿಗ್ರಿ ದೂರದಲ್ಲಿ ಹುಡುಕಬೇಕು. ಸೂರ್ಯ 42 ಡಿಗ್ರಿಗಿಂತ ಮೇಲೇರಿದಾಗ ಸಮತಟ್ಟಾದ ನೆಲದಲ್ಲಿ ನಿಂತವರಿಗೆ ಬಿಲ್ಲು ಕಾಣುವುದಿಲ್ಲ. ಹೀಗಾಗಿ ನಮ್ಮ ಕರಾವಳಿಯಲ್ಲಿ ಬೆಳಗಿನ ಬಿಲ್ಲು ಸಮುದ್ರದ ಮೇಲೆ, ಸಂಜೆಯ ಬಿಲ್ಲು ಸಹ್ಯಾದ್ರಿಯ ಮೇಲೆ.

ಉಪ್ಪು ಬಿಳಿಯಾಗಿರುವುದೇಕೆ

ಈ ಲೇಖನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಪಠ್ಯಪುಸ್ತಕಗಳು ಇದಕ್ಕೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ರಾಶಿ ಹಾಕಿದ ಉಪ್ಪು ಬೆಳ್ಳಗೆ ಕಾಣುತ್ತದೆ. ಅದರಿಂದ ಒಂದು ದಪ್ಪ ಹರಳನ್ನು ಆರಿಸಿ ಭೂತಗನ್ನಡಿಯ ಕೆಳಗಿಟ್ಟರೆ ಬಿಳಿ ಬಣ್ಣ ಎಲ್ಲಿಯೂ ಇಲ್ಲ. ಚಪ್ಪಟೆ ಮುಖಗಳ, ಹೆಚ್ಚುಕಡಿಮೆ ಗಾಜಿನಂತೆ ತಿಳಿಯಾದ ಒಂದು ಘನ. ಉಪ್ಪಿನ ವಕ್ರೀಭವನಾಂಕ 1.54. ಗಾಳಿ ಮುಟ್ಟುವ ಪ್ರತಿಯೊಂದು ಮುಖದಲ್ಲಿ ಸುಮಾರು 4.5 ಶೇಕಡಾ ಬೆಳಕು ಮರಳುತ್ತದೆ, ಉಳಿದದ್ದು ಬಾಗಿ ಮುಂದಿನ ಹರಳಿಗೆ ಹೋಗುತ್ತದೆ. ಇಪ್ಪತ್ತು ಮುಖಗಳನ್ನು ದಾಟುವಷ್ಟರಲ್ಲಿ ಒಮ್ಮೆಯೂ ಹಿಂದೆ ಮರಳದೆ ಸಾಗಿದ ಬೆಳಕು ಹತ್ತರಲ್ಲಿ ನಾಲ್ಕು ಪಾಲು ಮಾತ್ರ, ಅದೂ ದಿಕ್ಕಾಪಾಲಾಗಿ. ಉಪ್ಪು ಯಾವ ಬಣ್ಣವನ್ನೂ ಹೀರಿಕೊಳ್ಳದೆ ಇರುವುದರಿಂದ ಎಲ್ಲ ಬಣ್ಣಗಳೂ ಸಮನಾಗಿ ಚದುರಿ ಹೊರಬರುತ್ತವೆ, ನಮ್ಮ ಕಣ್ಣು ಅದನ್ನು ಬಿಳಿ ಎಂದು ಓದುತ್ತದೆ.

ಈ ವಿವರಣೆ ಸರಿಯೇ ಎಂದು ಪರೀಕ್ಷಿಸುವ ದಾರಿಯೂ ಇದೆ. ಅಚ್ಚಾದ ಕಾಗದದ ಮೇಲೆ ಗಾಜಿನ ಬಟ್ಟಲಿಟ್ಟು, ಒಂದು ಬೆರಳಿನ ದಪ್ಪಕ್ಕೆ ಹರಳುಪ್ಪು ಹರಡಿ. ಅಕ್ಷರಗಳು ಮುಚ್ಚಿಹೋಗುತ್ತವೆ. ಈಗ ಬಟ್ಟಲಿನ ಅಂಚಿನಿಂದ ತೆಂಗಿನೆಣ್ಣೆಯನ್ನು ನಿಧಾನವಾಗಿ, ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳದಂತೆ ಹೊಯ್ಯಿರಿ. ನೀರು ಹೊಯ್ಯಬಾರದು, ಉಪ್ಪು ಕರಗುತ್ತದೆ. ಎಣ್ಣೆ ಏರಿದಂತೆ ಉಪ್ಪಿನ ಬಿಳಿ ಕೆಳಗಿನಿಂದ ಅಳಿಯುತ್ತ ಬಂದು, ರಾಶಿ ಬೂದುಬಣ್ಣದ ಮಸುಕುಗಾಜಿನಂತಾಗಿ, ಅಡಿಯ ಅಕ್ಷರಗಳ ಕಪ್ಪು ಗೋಚರಿಸತೊಡಗುತ್ತದೆ. ಉಪ್ಪು ಬದಲಾಗಿಲ್ಲ. ಗಡಿಯ ಆಚೆ ಗಾಳಿಯ 1.00 ಇದ್ದಲ್ಲಿ ಈಗ ಎಣ್ಣೆಯ 1.45 ಇದೆ, ಪ್ರತಿಯೊಂದು ಮುಖದಿಂದ ಮರಳುವ ಬೆಳಕು 4.5 ಶೇಕಡಾದಿಂದ 0.1 ಶೇಕಡಾಕ್ಕೆ ಇಳಿದಿದೆ. ಒದ್ದೆ ಮರಳು ಒಣ ಮರಳಿಗಿಂತ ಕಪ್ಪಗೆ ಕಾಣುವುದಕ್ಕೂ ಎಣ್ಣೆ ತಾಗಿದ ಕಾಗದ ಅರೆಪಾರದರ್ಶಕವಾಗುವುದಕ್ಕೂ ಇದೇ ಕಾರಣ.

ತೆಂಗಿನೆಣ್ಣೆಯೇ ಇನ್ನೊಂದು ಸಾಕ್ಷಿ ಹೇಳುತ್ತದೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಬಾಟಲಿ ಬೆಳ್ಳಗಾಗಿರುತ್ತದೆ. ಅದನ್ನು ಬಿಸಿಲಿಗಿಟ್ಟು ಪಕ್ಕದಲ್ಲಿಯೇ ಕುಳಿತು ನೋಡಿ. ಗಾಜಿಗೆ ತಾಗಿದ ಪದರ ಮೊದಲು ತಿಳಿಯಾಗುತ್ತದೆ, ನಡುವೆ ಬಿಳಿಯ ಗಡ್ಡೆ ಉಳಿಯುತ್ತದೆ, ಅದರ ಸುತ್ತ ಸಣ್ಣ ಸಣ್ಣ ಸೂಜಿಯಂಥ ಹರಳುಗಳು ಒಂದೊಂದಾಗಿ ಕರಗುತ್ತ ಹೋಗುತ್ತವೆ. ಹೆಪ್ಪುಗಟ್ಟಿದ ಎಣ್ಣೆಯಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿದ ಅಸಂಖ್ಯ ಹರಳುಗಳು, ಅವುಗಳ ನಡುವೆ ಅಸಂಖ್ಯ ಗಡಿಗಳು. ಕರಗಿದ ಎಣ್ಣೆಯಲ್ಲಿ ಒಳಗಡೆ ಗಡಿಯೇ ಇಲ್ಲ. ಪಾರದರ್ಶಕತೆಗೆ ಎರಡು ಷರತ್ತುಗಳಿವೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ: ವಸ್ತು ಬೆಳಕನ್ನು ಹೀರಬಾರದು, ಒಳಗೆ ಅದು ಒಂದೇ ತೆರನಾಗಿರಬೇಕು.

ಸಮುದ್ರದ ಥಳಕನ್ನು ಕಳೆದು ನೋಡುವುದು

ಪೋಲರಾಯ್ಡ್ ತಂಪು ಕನ್ನಡಕ ಇದ್ದವರು ಸಮುದ್ರದ ದಂಡೆಯಲ್ಲಿ ನಿಂತು, ದಿಗಂತಕ್ಕಿಂತ ಸುಮಾರು 37 ಡಿಗ್ರಿ ಕೆಳಗೆ, ಅಂದರೆ ನೀರಿನ ಲಂಬಕ್ಕೆ 53 ಡಿಗ್ರಿ ಕೋನದಲ್ಲಿ, ನೀರನ್ನು ನೋಡಬೇಕು. ಈ ಕೋನದಲ್ಲಿ ಮೇಲ್ಮೈಯಿಂದ ಮರಳುವ ಬೆಳಕಿನ ಕಂಪನವೆಲ್ಲ ಅಡ್ಡ ದಿಕ್ಕಿನಲ್ಲಿಯೇ ಇರುತ್ತದೆ, ಕನ್ನಡಕ ಅದನ್ನು ತಡೆಯುತ್ತದೆ. ಥಳಕು ಮಾಯವಾಗಿ ನೀರಿನ ಒಳಗು ಕಾಣುತ್ತದೆ. ಕನ್ನಡಕವನ್ನು ಕಾಲು ಸುತ್ತು ತಿರುಗಿಸಿದರೆ ಥಳಕು ಮರಳುತ್ತದೆ. ಸಿ. ವಿ. ರಾಮನ್ 1921ರಲ್ಲಿ ನಾರ್ಕುಂಡ ಹಡಗಿನಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುವಾಗ ಒಂದೇ ದಿಕ್ಕಿನ ಕಂಪನದ ಬೆಳಕನ್ನಷ್ಟೇ ಬಿಡುವ ನಿಕೋಲ್ ಪಟ್ಟಕವೊಂದನ್ನು ಹಿಡಿದು ಮಾಡಿದ್ದು ಇದನ್ನೇ. ಕಡಲಿನ ನೀಲಿ ಬರಿಯ ಆಕಾಶದ ಪ್ರತಿಫಲನವಾಗಿದ್ದರೆ ಥಳಕು ಕಳೆದಾಗ ನೀಲಿಯೂ ಕಳೆಯಬೇಕಿತ್ತು. ಅದು ಕಳೆಯದೆ ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ವಾದಿಸಿದರು, ಆ ಜಾಡು ಹಿಡಿದು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧನೆಗೆ ತಲುಪಿದರು.

ಒಳಗಿನಿಂದ ಹೊರಗೆ: ಜೇನಿನ ನೀರಿನಂಶ ಅಳೆಯುವುದು

ನೀರಿನ ಒಳಗಿನಿಂದ ಮೇಲ್ಮೈಯ ಕಡೆಗೆ ಲೇಸರ್ ಹಾಯಿಸಿ, ಓರೆಯನ್ನು ಹೆಚ್ಚಿಸುತ್ತ ಹೋದರೆ ಲಂಬಕ್ಕೆ ಸುಮಾರು 49 ಡಿಗ್ರಿ ದಾಟಿದೊಡನೆ ಹೊರಹೋಗುವ ಕಿರಣ ಪೂರ್ತಿ ನಿಂತು, ಎಲ್ಲ ಬೆಳಕೂ ಒಳಕ್ಕೇ ಮರಳುತ್ತದೆ. ಇದು ಪೂರ್ಣ ಆಂತರಿಕ ಪ್ರತಿಫಲನ. ಗಾಜಿನಲ್ಲಿ ಇದು ಸುಮಾರು 42 ಡಿಗ್ರಿಗೇ ಆರಂಭವಾಗುತ್ತದೆ. ಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆಯಲ್ಲಿ ಬೆಳಕು ಹೊರಚೆಲ್ಲದೆ ಸಾಗುವುದು ಇದರಿಂದಲೇ. ಬೆಳಕು ಪೂರ್ತಿ ಒಳಕ್ಕೆ ಮರಳತೊಡಗುವ ಈ ಕೋನ, ಅಂದರೆ ಕ್ರಾಂತಿಕೋನ, ಗಡಿಯ ಎರಡು ಬದಿಯ ವಕ್ರೀಭವನಾಂಕಗಳನ್ನು ಅವಲಂಬಿಸಿರುವುದರಿಂದ, ಅದನ್ನು ಅಳೆದರೆ ಗಾಜಿನ ಮೇಲಿಟ್ಟ ದ್ರವ ಎಂಥದೆಂದು ಹೇಳಬಹುದು. ಜೇನು ಸಾಕುವವರು ಬಳಸುವ ಕೈಹಿಡಿಯ ರಿಫ್ರಾಕ್ಟೋಮೀಟರ್ (ವಕ್ರೀಭವನಾಂಕ ಮಾಪಕ) ಈ ತತ್ತ್ವದ ಮೇಲೆಯೇ ಕೆಲಸ ಮಾಡುತ್ತದೆ. ಅದರಲ್ಲಿ ಕಾಣುವ ಬೆಳಕು ಮತ್ತು ನೆರಳಿನ ಗಡಿಗೆರೆಯೇ ಕ್ರಾಂತಿಕೋನದ ಗುರುತು.

ಮಲೆನಾಡಿನ ತೇವದ ಹವೆಯಲ್ಲಿ ತುಡುವೆ ಜೇನಿನ ನೀರಿನಂಶ ಸುಲಭವಾಗಿ ಹೆಚ್ಚುತ್ತದೆ, 20 ಶೇಕಡಾ ದಾಟಿದರೆ ಜೇನು ಹುಳಿಯುವ ಅಪಾಯವಿದೆ. ಉಪಕರಣವನ್ನು ಮೊದಲು ಅದರ ಕೈಪಿಡಿಯಲ್ಲಿ ಸೂಚಿಸಿದ ದ್ರವದಿಂದ ಸರಿಹೊಂದಿಸಿ, ಪಟ್ಟಕದ ಮೇಲೆ ಒಂದು ಹನಿ ಜೇನು ಹಾಕಿ, ಮುಚ್ಚಳ ಒತ್ತಿ, ಅರ್ಧ ನಿಮಿಷ ಬಿಟ್ಟು, ಬೆಳಕಿನ ಕಡೆ ಹಿಡಿದು ಓದಬೇಕು. ಕೆಲವದರಲ್ಲಿ ನೀರಿನಂಶದ ಪಟ್ಟಿಯೇ ಇರುತ್ತದೆ. ವಕ್ರೀಭವನಾಂಕ ತೋರಿಸುವಂಥದ್ದಾದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.4940 ಎಂದರೆ 17 ಶೇಕಡಾ ನೀರು, 1.4865 ಎಂದರೆ 20 ಶೇಕಡಾ. ಬಿಸಿಯಾದ ಜೇನು ಹಿಗ್ಗಿ ಅದರ ವಕ್ರೀಭವನಾಂಕ ಇಳಿಯುವುದರಿಂದ 20ರ ಮೇಲಿನ ಪ್ರತಿ ಡಿಗ್ರಿಗೆ 0.00023 ಕೂಡಿಸಬೇಕು. 28 ಡಿಗ್ರಿಯ ದಿನ 1.4865 ಓದಿದ್ದರೆ ಸರಿಪಡಿಸಿದ ಅಂಕಿ 1.4883, ಅಂದರೆ ನೀರಿನಂಶ 19.3 ಶೇಕಡಾ. ಉಷ್ಣತೆಗೆ ತಾನೇ ಹೊಂದಿಕೊಳ್ಳುವ ಉಪಕರಣವಾದರೆ ಈ ಕೂಡಿಕೆ ಮಾಡಬಾರದು.

ಸಕ್ಕರೆಗಟ್ಟಿದ ಜೇನನ್ನು ಹಾಗೆಯೇ ಅಳೆಯುವಂತಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನಿಟ್ಟು ಹರಳುಗಳೆಲ್ಲ ಕರಗಿ ತಿಳಿಯಾದ ಮೇಲೆ, ಮತ್ತೆ ಕೋಣೆಯ ಬಿಸಿಗೆ ತಣಿಸಿ ಹನಿ ತೆಗೆಯಬೇಕು. ಪಟ್ಟಕದ ಗಾಜು ಮೆದುವಾಗಿರುವುದರಿಂದ ಲೋಹದ ಚಮಚ ತಾಗಿಸದೆ ಮರದ ಕಡ್ಡಿ ಬಳಸಿ, ಕೆಲಸ ಮುಗಿದೊಡನೆ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿಡಬೇಕು. ಮೇಣದ ಚೂರೋ ಗಾಳಿಗುಳ್ಳೆಯೋ ಸೇರಿಕೊಂಡಿದ್ದರೆ ಗಡಿಗೆರೆ ಮಸುಕಾಗಿ ಅಗಲವಾಗಿ ಕಾಣುತ್ತದೆ. ಅಂಥ ಅಳತೆಯನ್ನು ಬರೆದುಕೊಳ್ಳದೆ, ಒರೆಸಿ, ಹೊಸ ಹನಿ ಹಾಕಿ ಮತ್ತೆ ನೋಡಬೇಕು.